ಮೊದಲು ಎದ್ದವರು

ನಮ್ಮ ಊರಿನಲ್ಲಿ ಯಾರಾದರೂ ಸತ್ತರೆ, ಆ ಮನೆಯಲ್ಲಿ ಕೂತವರ ಪೈಕಿ ಮೊದಲು ಎದ್ದವರಿಗೆ ಸತ್ತವರ ನಡಿಗೆ ಬರುತ್ತದೆ. ಹಾಗಾಗಿ ಸಾವಿನ ಮನೆಗೆ ಹೊರಟವರು ಮೊದಲು ಹೊಟ್ಟೆ ತುಂಬ ಉಂಡು, ಬಚ್ಚಲಿಗೆ ಹೋಗಿ ಬಂದು, ಆಮೇಲೆ ಚಪ್ಪಲಿ ಮೆಟ್ಟುತ್ತಾರೆ. ಹೋದ ಮೇಲೆ ಕೂರಲೇಬೇಕು. ಬಾಗಿಲಲ್ಲಿ ನಿಂತೇ ಮುಖ ತೋರಿಸಿ ಜಾರಿಕೊಂಡವರನ್ನು ಊರು ಮರೆಯುವುದಿಲ್ಲ. ಒಬ್ಬರ ಕಾಲಿನಲ್ಲಿ ಹೀಗೆ ಬಂದ ಒಂದೇ ನಡಿಗೆಗೆ ಜಾಗ. ಇನ್ನೊಂದು ಬಂದರೆ ಮೊದಲು ಬಂದದ್ದು ಹೋಗುತ್ತದೆ, ಮತ್ತೆ ಯಾರಿಗೂ ಸಿಗುವುದಿಲ್ಲ.

ಒಳ್ಳೆಯ ನಡಿಗೆಯವರು ಸತ್ತರೆ ನೂಕುನುಗ್ಗಲು. ನಾಟ್ಯದ ಕಮಲಾಬಾಯಿ ಹಾಸಿಗೆ ಹಿಡಿದಾಗ ಅರ್ಧ ಊರು ಅವರ ಪಡಸಾಲೆಯಲ್ಲಿ ಕುಕ್ಕರುಗಾಲಲ್ಲಿ ಕಾದಿತ್ತಂತೆ, ಕೊನೆಯುಸಿರು ಹೋದ ಕೂಡಲೇ ಜಿಗಿಯಲು. ಕುಕ್ಕರುಗಾಲಲ್ಲಿ ಕೂತು ಕೂತು ಎಲ್ಲರ ಕಾಲೂ ಜೋಮು ಹಿಡಿದವು. ಉಸಿರು ಹೋದಾಗ ಒಬ್ಬರಿಗೂ ಏಳಲಾಗಲಿಲ್ಲ. ಊರಿಗೆ ನಲ್ಲಿ ನೀರು ಬಿಡುವ ಫಕೀರೇಶ, ಬಾಯಿಯವರ ಮನೆಯ ಪೈಪು ಸೋರುತ್ತದೆಂದು ನೋಡಲು ಬಂದವನು, ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಬೀಡಿ ಮುಗಿಯಿತು, ಎದ್ದ. ಅಂದಿನಿಂದ ಅವನು ಒಂದು ವಾಲ್ವಿನಿಂದ ಇನ್ನೊಂದು ವಾಲ್ವಿಗೆ ಅಂಗಾಲು ತಟ್ಟುತ್ತ, ಕುತ್ತಿಗೆ ಆಡಿಸುತ್ತ ಹೋಗುತ್ತಾನೆ. ನೀರು ತಡವಾಗಿ ಬರುತ್ತದೆ.

ನಾನು ಈ ಊರಲ್ಲಿ ಹುಟ್ಟಿದವಳಲ್ಲ. ದೊಡ್ಡ ಊರೊಂದರ ವಿಶ್ವವಿದ್ಯಾಲಯದಲ್ಲಿ ದೇಹದ ಚಲನೆಯ ಬಗ್ಗೆ ಓದಿದವಳು. ಮೂಳೆ ಹೇಗೆ ಭಾರ ಹೊರುತ್ತದೆ, ಕೀಲು ಎಲ್ಲಿ ಬಿಗಿಯುತ್ತದೆ, ಒಂದು ಕಡೆಯ ಬಿಗಿ ಇನ್ನೊಂದು ಕಡೆ ಹೇಗೆ ನೋವಾಗುತ್ತದೆ, ಇಷ್ಟೇ ನನಗೆ ಗೊತ್ತಿರುವುದು. ಗುರುಪಾದನನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಅವನಿಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಫೋಟೋಕ್ಕೆ ಬರುವವರು ಕಡಿಮೆಯಾದಾಗ, ಅರ್ಧ ಸ್ಟುಡಿಯೋ ನೀನು ತಗೋ ಎಂದ. ಜಲಪಾತದ ಚಿತ್ರದ ಪರದೆಯ ಮುಂದೆ ಚಾಪೆ ಹಾಸಿದೆ. ಜನ ಬಂದರು. ಮಾವನ ನಡಿಗೆ ಬಂದು ಮೊಣಕಾಲು ಸವೆದವರು, ಅಜ್ಜಿಯ ನಡಿಗೆ ಬಂದು ಇಪ್ಪತ್ತರಲ್ಲೇ ಬೆನ್ನು ಬಾಗಿದವರು, ಪೈಲ್ವಾನನ ನಡಿಗೆ ಬಂದು ಸೊಸೆಯಂದಿರು ಹೆದರುತ್ತಾರೆಂದು ಅತ್ತ ಒಬ್ಬ ಅತ್ತೆ. ನಾನು ಎಲ್ಲರನ್ನೂ ಮೊದಲು ಅಂಗಾತ ಮಲಗಿಸುತ್ತೇನೆ. ಪಕ್ಕೆಗೆ ಉಸಿರು ತುಂಬಿಸುತ್ತೇನೆ. ಆಮೇಲೆ ಕೂಸಿನ ಹಾಗೆ ಹೊರಳುವುದು, ಅಂಬೆಗಾಲಿಡುವುದು, ಹಿಮ್ಮಡಿ ಊರಿ ಕುಕ್ಕರಿಸುವುದು. ಸ್ವಂತ ನಡಿಗೆ ಎಲ್ಲಿಗೂ ಹೋಗಿರುವುದಿಲ್ಲ, ಅದರ ಮೇಲೆ ಇನ್ನೊಂದು ಹತ್ತಿ ಕೂತಿರುತ್ತದೆ. ಮೇಲಿನದು ಇಳಿದರೆ ಕೆಳಗಿನದು ಏಳುತ್ತದೆ. ಪಂಚೆ ಕಚ್ಚೆ ಹಾಕಿದ ಹಿರಿಯರು ಜಲಪಾತದ ಮುಂದೆ ಅಂಬೆಗಾಲಿಡುವುದನ್ನು ನೋಡಲು ಕಿಟಕಿಯಲ್ಲಿ ಜನ ನಿಲ್ಲುತ್ತಿದ್ದರು. ನನ್ನನ್ನು ನಡಿಗಿ ಅಕ್ಕೋರು ಎಂದು ಕರೆಯತೊಡಗಿದರು.

ಎಲ್ಲರಿಗೂ ಇದು ಬೇಕಿರಲಿಲ್ಲ. ಫಕೀರೇಶನನ್ನು ಅವನ ಸಾಹೇಬರು ಕಳಿಸಿದ್ದರು.

"ಅಕ್ಕೋರ, ಪೂರಾ ತಗೀಬ್ಯಾಡ್ರಿ. ಒಂದೀಟ ಕಡಿಮಿ ಮಾಡ್ರಿ. ನೀರ ಬಿಡೂ ಹೊತ್ತಿನಾಗ ಅಷ್ಟ ನೆಟ್ಟಗ ನಡದ್ರ ಸಾಕು."

"ಅರ್ಧ ತೆಗೆಯೋಕೆ ಇದೇನು ಕ್ಷೌರವಾ ಫಕೀರೇಶ?"

"ಹಂಗಾರ ನಾಳೆ ಬರ್ತೀನ್ರಿ" ಎಂದು ಬಾಗಿಲಲ್ಲಿ ನೆಲ ಮುಟ್ಟಿ ನಮಸ್ಕಾರ ಮಾಡಿ ಹೋದ. ಆ ನಾಳೆ ಬರಲಿಲ್ಲ.

ನಮ್ಮ ಹಿಂದಿನ ಓಣಿಯ ಅಡಿವೆಪ್ಪನವರು ಬಂದಿದ್ದರು. ಊರಿನ ಅತಿ ಕೆಟ್ಟ ನಡಿಗೆ ಅವರದು. ಬಲಗಾಲು ಹೊರಗಿನಿಂದ ಒಂದು ದೊಡ್ಡ ಸುತ್ತು ಹಾಕಿ ಮುಂದೆ ಬರುತ್ತಿತ್ತು. ಸ್ವಲ್ಪ ದೂರ ನಡೆದ ಮೇಲೆ ಗಕ್ಕನೆ ನಿಂತು, ಯಾರೋ ಕರೆದರೆಂಬಂತೆ ಹಿಂದೆ ತಿರುಗಿ ನೋಡಿ, ಮತ್ತೆ ಹೊರಡುವುದು. ಅವರಿಗೆ ಅದು ಅವರ ಮಾವನಿಂದ ಬಂದದ್ದು, ಮಾವನಿಗೆ ಇನ್ಯಾರಿಂದಲೋ. ನಾನು ಬಹಳ ದಿನ ಅವರ ತೊಡೆಸಂದಿನ ಬಿಗಿ ಬಿಡಿಸಿದೆ. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಅವರ ಬಲಗಾಲು ನೆಟ್ಟಗೆ ಮುಂದೆ ಬಂತು. ಅವರು ಗೋಡೆ ಹಿಡಿದುಕೊಂಡರು.

"ಇದ್ಯಾರದ್ರಿ?"

"ನಿಮ್ಮದೇ."

"ಬ್ಯಾಡ್ರಿ. ಪರಿಚಯ ಇಲ್ಲ."

ಬಲಗಾಲನ್ನು ಮತ್ತೆ ಹೊರಗಿನಿಂದ ಸುತ್ತು ಹಾಕಿಸಿಕೊಂಡೇ ಮನೆಗೆ ಹೋದರು. ಮರುದಿನದಿಂದ ಅವರೂ ಬರಲಿಲ್ಲ.

ಗುರುಪಾದನ ನಡಿಗೆ ಅವನದೇ ಆಗಿತ್ತು, ಯಾರಿಂದಲೂ ಬಂದದ್ದಲ್ಲ. ಹೊಸ್ತಿಲು ಬಂದಾಗ ಬಲಗಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತಿ, ಒಂದು ಕ್ಷಣ ಗಾಳಿಯಲ್ಲಿ ಹಿಡಿದು, ಮೆಲ್ಲಗೆ ಆಚೆ ಇಡುತ್ತಿದ್ದ. ಚಿಕ್ಕವನಿದ್ದಾಗ ಮನೆಯ ನಾಯಿ ಹೊಸ್ತಿಲಿಗೆ ಅಡ್ಡ ಮಲಗುತ್ತಿತ್ತಂತೆ. ನಾಯಿ ನಾನು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಹೋಗಿತ್ತು. ಅವನು ಬ್ಯಾಂಕಿನ ಬಾಗಿಲಲ್ಲೂ ಅದನ್ನು ದಾಟುತ್ತಿದ್ದ. ಇನ್ನೊಂದು, ನಡೆಯುವಾಗ ಎಡಕ್ಕೆ ಸ್ವಲ್ಪ ವಾಲುತ್ತಿದ್ದ. ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದು ನಾನು ಮದುವೆಯಾದ ವರ್ಷವೇ ಹೇಳಿದ್ದೆ. ಒಂಟಿಕಾಲಲ್ಲಿ ನಿಲ್ಲುವ ವ್ಯಾಯಾಮ ಕೊಟ್ಟಿದ್ದೆ. ಹಲ್ಲುಜ್ಜುವಾಗ ಮಾಡುತ್ತಿದ್ದ. ವಾಲು ಹೋಗಲಿಲ್ಲ.

ಅವನಿಗೆ ಜ್ವರ ಬಂತು. ಯಾರೂ ಸಾಯದಂಥ ಸಣ್ಣ ಜ್ವರ.

ಅವನು ಹೋದ ದಿನ ಮನೆ ತುಂಬ ಜನ ಕೂತಿದ್ದರು. ಗಂಡನ ನಡಿಗೆಗೆ ಹೆಂಡತಿ ಏಳುವುದು ಇಲ್ಲಿಯ ಪದ್ಧತಿ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಕೂತಿದ್ದೆ. ಏಳಬೇಕೆಂದು ಗೊತ್ತಿತ್ತು. ಏಳಲು ಮೊದಲು ಭಾರವನ್ನು ಮುಂದಕ್ಕೆ ತರಬೇಕು, ಆಮೇಲೆ ಪಾದಗಳಿಂದ ನೆಲವನ್ನು ಒತ್ತಬೇಕು. ಅದನ್ನು ನಾನು ದಿನವೂ ಕಲಿಸುತ್ತೇನೆ. ಪಾದ ಎಲ್ಲಿದೆ ಎಂದೇ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಯಾರೋ, "ಅಯ್ಯ, ಬೆಕ್ಕು ಓಡಾಡಾಕತ್ತೇತಿ" ಎಂದರು. ನಮ್ಮ ಮನೆಯ ಬೆಕ್ಕು, ಹವಾಲ್ದಾರ, ಜನರ ನಡುವೆ ಬಾಲವೆತ್ತಿ ನಡೆಯುತ್ತಿತ್ತು. ಎಲ್ಲರೂ ಉಸಿರು ಬಿಟ್ಟು ಎದ್ದರು.

"ಬೆಕ್ಕಿಗೆ ಹೋತು ಬಿಡವಾ" ಎಂದು ನಮ್ಮ ಅತ್ತೆ ಬಸಲಿಂಗವ್ವ ಆಮೇಲೆ ನನಗೆ ಹೇಳಿದರು. "ಅಂವ ಬೆಕ್ಕಿನಂಗ ಇದ್ದ. ಬಂದದ್ದು ಗೊತ್ತಾಗ್ತಿದ್ದಿಲ್ಲ, ಹೋದದ್ದೂ ಗೊತ್ತಾಗಲಿಲ್ಲ."

ಒಂದು ವರ್ಷ ನಾನು ಹವಾಲ್ದಾರನ ನಡಿಗೆಯನ್ನು ಗಮನಿಸಿದೆ. ಹಿಂದಿನಿಂದ, ಪಕ್ಕದಿಂದ, ಕಪಾಟಿನ ಮೇಲಿನಿಂದ ಇಳಿಯುವಾಗ. ನೆಲಕ್ಕೆ ಹಿಟ್ಟು ಉದುರಿಸಿ ಹೆಜ್ಜೆ ನೋಡಿದೆ. ಅದರ ಬಲಗಾಲು ಎಲ್ಲೂ ಹೆಚ್ಚು ಏಳಲಿಲ್ಲ. ಎಡಕ್ಕೆ ವಾಲಲಿಲ್ಲ. ಅಷ್ಟು ಸಮತೋಲದ ಪ್ರಾಣಿಯನ್ನು ನಾನು ನೋಡಿರಲಿಲ್ಲ, ಅದಕ್ಕೇ ನನಗೆ ಬೇಸರವಾಯಿತು. ಸ್ಟುಡಿಯೋಕ್ಕೆ ಹೊಸಬರು ಬಂದರೆ ಮೊದಲು ಅವರು ಹೊಸ್ತಿಲು ದಾಟುವುದನ್ನು ನೋಡುತ್ತಿದ್ದೆ. ಗುರುಪಾದನ ಆ ನಡಿಗೆಯನ್ನು ಇನ್ನೊಂದು ಸಲ ನೋಡಬೇಕಿತ್ತು, ಅಷ್ಟೇ. ಅದನ್ನು ಹೊತ್ತವರು ತೆಗೆದುಬಿಡಿ ಎಂದು ನನ್ನಲ್ಲಿಗೇ ಬಂದರೆ ಏನು ಮಾಡುವುದೆಂದು ಯೋಚಿಸಿರಲಿಲ್ಲ.

ಮಗ ಹೋದ ದಿನದಿಂದಲೇ ಅತ್ತೆ ನಡೆಯುವುದನ್ನು ಬಿಟ್ಟರು. ಮೊಣಕಾಲು ಹೋಯಿತು ಎಂದರು. ಸ್ಟುಡಿಯೋದಲ್ಲಿ ಗಿರಾಕಿಯನ್ನು ಕೂರಿಸಿ ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದ ಗಾಲಿ ಸ್ಟೂಲೊಂದು ಮನೆಯಲ್ಲಿತ್ತು. ಅದರ ಮೇಲೆ ಕೂತರು, ಮತ್ತೆ ಇಳಿದದ್ದನ್ನು ನಾನು ನೋಡಲಿಲ್ಲ. ಹಳೆಯ ಪರದೆಯ ಬಿದಿರು ಕೋಲು ಹಿಡಿದು, ನೆಲಕ್ಕೆ ಊರಿ ನೂಕಿ, ದೋಣಿ ನಡೆಸುವವರ ಹಾಗೆ ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಿತ್ತಿಲಿಗೆ ಸಂಚರಿಸುತ್ತಿದ್ದರು. ಬಡಿಗೇರನನ್ನು ಕರೆಸಿ ಮನೆಯ ಎಲ್ಲ ಹೊಸ್ತಿಲುಗಳಿಗೂ ಎರಡೂ ಕಡೆ ಇಳಿಜಾರು ಹಲಗೆ ಹೊಡೆಸಿದರು. ಸಾರಿಗೆ ಉಪ್ಪು ಕಡಿಮೆಯಾದರೆ ದೂರದಿಂದಲೇ ಗಾಲಿಯ ಸದ್ದು ಕೇಳುತ್ತಿತ್ತು. ಜಳಕ ಮಾತ್ರ ನಾನು ಸ್ಟುಡಿಯೋಕ್ಕೆ ಹೋದ ಮೇಲೆಯೇ ಮಾಡುತ್ತಿದ್ದರು.

ಊರೆಲ್ಲರ ಕಾಲು ನೋಡುವವಳು ಮನೆಯ ಕಾಲು ನೋಡದೆ ಇರಬಾರದೆಂದು ಒಂದು ದಿನ ಔಡಲ ಎಣ್ಣೆ ಬಿಸಿ ಮಾಡಿ ಅವರ ಕಾಲ ಬಳಿ ಕೂತೆ. ಸೀರೆ ಸ್ವಲ್ಪ ಸರಿಸಿ ಮೀನಖಂಡ ಒತ್ತಿದೆ. ಗಟ್ಟಿಯಾಗಿತ್ತು. ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಕಾಲಿನ ಹಾಗೆ.

"ಅತ್ತೆ, ಇದು ಕೂತೇ ಇರುವವರ ಕಾಲಲ್ಲ."

"ನಮ್ಮ ತವರಮನಿ ಕಡೆ ಎಲ್ಲಾರದೂ ಹಿಂಗ. ಸತ್ತರೂ ಸಡಲಾಗೂದಿಲ್ಲ."

"ಒಂದು ಸಲ ಎದ್ದು ನಿಲ್ಲಿ. ನಾಲ್ಕು ಹೆಜ್ಜೆ ಇಡಿ, ನೋಡ್ತೀನಿ."

"ನೀ ನೋಡೂದ ಬ್ಯಾಡ" ಎಂದು ಕೋಲು ಊರಿ ಸ್ಟೂಲು ತಿರುಗಿಸಿಕೊಂಡು ಹೋದರು. ಎಣ್ಣೆಯ ಬಟ್ಟಲು ಹಿಡಿದು ಹಿಂದೆ ಹೋದೆ. ಅವರು ವೇಗ ಹೆಚ್ಚಿಸಿದರು. ಹಿತ್ತಿಲ ಬಾಗಿಲ ಹಲಗೆ ಇಳಿದು ತುಳಸಿಕಟ್ಟೆಗೆ ಡಿಕ್ಕಿ ಹೊಡೆದು ನಿಂತರು. ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಅಡಿವೆಪ್ಪನವರು ಸತ್ತದ್ದು ಆ ಬೇಸಿಗೆಯಲ್ಲಿ, ಬೆಳಿಗ್ಗೆ, ನಾಷ್ಟಾಕ್ಕೆ ಮೊದಲು. ಅದೇ ತೊಂದರೆಯಾಯಿತು. ಯಾರೂ ಹೊಟ್ಟೆ ತುಂಬಿಸಿಕೊಂಡು ಬಂದಿರಲಿಲ್ಲ. ಹಿಂದಿನ ಓಣಿಯವರಾದ್ದರಿಂದ ನಾವು ಹೋಗಲೇಬೇಕಿತ್ತು. ನಾನು ಅತ್ತೆಯನ್ನು ಸ್ಟೂಲಿನ ಸಮೇತ ನೂಕಿಕೊಂಡು ಹೋದೆ. ಅಡಿವೆಪ್ಪನವರ ಅಂಗಳ ಬೀದಿಯ ಕಡೆ ಇಳಿಜಾರು, ಅಂಚಿನಲ್ಲಿ ಗಟಾರ. ಸ್ಟೂಲಿನ ಗಾಲಿಗೆ ಒಂದು ಕಲ್ಲು ಕೊಟ್ಟು, ಬಿದಿರು ಕೋಲನ್ನು ಗೋಡೆಗೆ ಒರಗಿಸಿ, ಸ್ವಲ್ಪ ದೂರದಲ್ಲಿ ಹೆಂಗಸರ ಜೊತೆ ನೆಲದ ಮೇಲೆ ಕೂತೆ.

ಬಿಸಿಲು ಏರಿತು. ಯಾರೂ ಏಳಲಿಲ್ಲ. ಆ ನಡಿಗೆ ಯಾರಿಗೆ ಬೇಕು? ಅಡಿವೆಪ್ಪನವರ ಮಕ್ಕಳಿಬ್ಬರು ಹೆಣದ ಎರಡೂ ಪಕ್ಕ ಕೂತಿದ್ದರು.

"ತಮ್ಮಾ, ಅಪ್ಪಗ ನಿನ್ನ ಮ್ಯಾಲ ಜೀವ ಭಾಳ ಇತ್ತು. ಏಳು" ಎಂದ ದೊಡ್ಡವನು.

"ನೀ ಹಿರೀಮಗ. ನಿನ್ನ ಬಿಟ್ಟು ನಾ ಎದ್ದರ ಮಂದಿ ಏನಂದಾರು" ಎಂದ ಚಿಕ್ಕವನು.

"ಮಂದಿ ಏನೂ ಅನ್ನೂದಿಲ್ಲ. ಏನ್ರಿ, ಅಂತೀರೇನು?"

ಮಂದಿ ಏನೂ ಅನ್ನುವುದಿಲ್ಲ ಎಂದರು. ಚಿಕ್ಕವನು ಜಗ್ಗಲಿಲ್ಲ. ಹೊರುವವರೂ ಕೂತಿದ್ದರು, ಪುರೋಹಿತರೂ ಕೂತಿದ್ದರು. ಒಬ್ಬರ ಹೊಟ್ಟೆ ಗುರ್ ಎಂದಿತು, ಅವರು ಪಕ್ಕದವರ ಕಡೆ ನೋಡಿದರು. ಫಕೀರೇಶನ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು. ನೀರು ಬಿಡುವ ಹೊತ್ತು ಮೀರಿತ್ತು. ಎದ್ದರೆ ಕಮಲಾಬಾಯಿ ಹೋಗಿ ಅಡಿವೆಪ್ಪ ಬರುತ್ತಾರೆ. ಗೋಡೆಯ ಆಚೆಯಿಂದ ಕೊಡ ಬಡಿಯುವ ಸದ್ದು ಕೇಳಿಸಿತು.

"ಫಕೀರಪ್ಪಾ, ನೀರು ಯಾವಾಗ ಬಿಡ್ತೀಯೋ?"

"ಕುಂತೀನಿ" ಎಂದ ಅವನು ಅಳುವ ದನಿಯಲ್ಲಿ.

"ಕುಂತಕೊಂಡ ಯಾರರ ನೀರ ಬಿಡ್ತಾರೇನೋ?"

ಅವನು ಕಣ್ಣು ಮುಚ್ಚಿ, ಕುತ್ತಿಗೆ ಮಾತ್ರ ಒಮ್ಮೆ ಆಡಿಸಿದ.

ಆಗ ಅತ್ತೆಯ ಗಾಲಿಗೆ ಕೊಟ್ಟ ಕಲ್ಲು ಸರಿಯಿತು. ಸ್ಟೂಲು ಮೊದಲು ಮೆಲ್ಲಗೆ ಹೊರಟಿತು, ಅತ್ತೆ ಯಾರಿಗೋ ದಾರಿ ಬಿಡುತ್ತಿದ್ದಾರೆಂಬಂತೆ. ಕೋಲಿಗೆ ಕೈ ಚಾಚಿದರು, ಸಿಗಲಿಲ್ಲ. ಅಂಗಳವೆಲ್ಲ ಕೂತಲ್ಲಿಂದಲೇ ಕೂಗಿತು.

"ಯವ್ವಾ, ಕಾಲು ಊರು."

"ಊರಂಗಿಲ್ಲ" ಎಂದರು ಅತ್ತೆ, ಹೋಗುತ್ತಲೇ.

"ಎದ್ದು ನಿಲ್ಲಬೇ. ಗಟಾರ ಐತಿ ಮುಂದ."

"ಗೊತ್ತೈತಿ. ಏಳಂಗಿಲ್ಲ."

ಅವರು ಎರಡೂ ಕಾಲನ್ನು ನೆಲದಿಂದ ಮೇಲಕ್ಕೆ ಎತ್ತಿ ಮಡಚಿ, ಎರಡೂ ಕೈಯಿಂದ ಅಪ್ಪಿ ಹಿಡಿದುಕೊಂಡರು. ಬೀಳುವವರು ಯಾರೂ ಹಾಗೆ ಹಿಡಿದುಕೊಳ್ಳುವುದಿಲ್ಲ. ಬೀಳುವವರು ಸ್ಟೂಲನ್ನು ಹಿಡಿಯುತ್ತಾರೆ, ಗಾಳಿಯನ್ನು ಹಿಡಿಯುತ್ತಾರೆ. ಅವರು ಕಾಲುಗಳನ್ನು, ಓಡುವ ಚಕ್ಕಡಿಯಲ್ಲಿ ತೊಡೆಯ ಮೇಲಿನ ಕೂಸನ್ನು ಹಿಡಿದ ಹಾಗೆ ಹಿಡಿದಿದ್ದರು.

ನನಗೆ ಆ ಗಳಿಗೆಯಲ್ಲಿ ಏನೂ ಹೊಳೆಯಲಿಲ್ಲ. ಪಾದಗಳು ಇದ್ದಲ್ಲೇ ಇದ್ದವು. ಅವು ನೆಲವನ್ನು ಒತ್ತಿದವು. ನಾನು ಎದ್ದೆ.

ಎದ್ದವಳು ಓಡಿದೆ. ಓಡಲು ಹೋದೆ. ನನ್ನ ಬಲಗಾಲು ಹೊರಗೆ ಹೋಗಿ ಒಂದು ದೊಡ್ಡ ಸುತ್ತು ಹಾಕಿ ಬಂತು. ದಾರಿಗೆ ಅಡ್ಡ ಕೂತಿದ್ದ ಗಂಡಸೊಬ್ಬರ ಪೇಟ ಬಿತ್ತು. ಇನ್ನೊಂದು ಸುತ್ತು. ಸ್ಟೂಲು ಅಂಗಳದ ಅರ್ಧ ದಾಟಿತ್ತು. ಅಷ್ಟರಲ್ಲಿ ನನ್ನ ದೇಹ ಗಕ್ಕನೆ ನಿಂತು, ಹಿಂದೆ ತಿರುಗಿ, ಯಾರು ಕರೆದದ್ದು ಎಂದು ಅಂಗಳವನ್ನೆಲ್ಲ ಸಾವಧಾನವಾಗಿ ನೋಡಿತು. ಹಿಂದೆ ಅಡಿವೆಪ್ಪನವರ ಮಕ್ಕಳಿಬ್ಬರೂ ಎದ್ದು ನನಗೆ ಕೈ ಮುಗಿಯುತ್ತಿದ್ದರು. ಫಕೀರೇಶ ಜಿಗಿದೆದ್ದು ಗೋಡೆಯ ಕಡೆ ಹೆಜ್ಜೆ ಹಾಕುತ್ತ ಹೊರಟಿದ್ದ. ಊರಿಗೆ ಊರೇ ಬಚ್ಚಲು ಹುಡುಕುತ್ತಿತ್ತು.

ನಾನು ಮತ್ತೆ ಮುಂದೆ ತಿರುಗಿದಾಗ ಸ್ಟೂಲು ಗಟಾರದ ಅಂಚಿಗೆ ಬಂದಿತ್ತು. ಒಬ್ಬರು ಎದ್ದಾದ ಮೇಲೆ ಇನ್ನು ಯಾರು ಎದ್ದರೂ ಭಯವಿಲ್ಲ. ಅತ್ತೆಗೂ ಅದು ಗೊತ್ತಿತ್ತು. ಕಾಲು ಊರಿದರು, ಎದ್ದು ನಿಂತರು. ಸ್ಟೂಲು ಅವರನ್ನು ಬಿಟ್ಟು ಗಟಾರಕ್ಕೆ ಇಳಿಯಿತು. ವೇಗಕ್ಕೆ ನಿಲ್ಲಲಾಗದೆ ಅತ್ತೆ ಮುಂದೆ ಹೋಗಲೇಬೇಕಾಯಿತು. ಅವರ ಬಲಗಾಲು ಬೇಕಾದ್ದಕ್ಕಿಂತ ಎತ್ತರಕ್ಕೆ ಎದ್ದಿತು. ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಮೆಲ್ಲಗೆ ಗಟಾರದ ಆಚೆ ಇಳಿಯಿತು, ಕೆಳಗೆ ಮಲಗಿದ್ದ ಏನೋ ಒಂದಕ್ಕೆ ಎಚ್ಚರವಾಗದ ಹಾಗೆ.

ನಾನು ಸುತ್ತು ಹಾಕುತ್ತ ಗಟಾರದ ಈಚೆ ದಡಕ್ಕೆ ಬಂದು ನಿಂತೆ. ಅತ್ತೆ ಆಚೆ ದಡದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು.

"ಅತ್ತೆ."

"ಏನು."

"ದಾಟಿದ್ರಲ್ಲ."

"ಹೂಂ. ದಾಟಿದೆ."

ಗೋಡೆಯ ಆಚೆ ನಲ್ಲಿ ಕೆಮ್ಮಿ ನೀರು ಬಂತು.

"ಅವತ್ತ ನೀ ಏಳಲಿಲ್ಲ" ಎಂದರು ಅತ್ತೆ, ತಿರುಗದೆಯೇ. "ಊರ ಮಂದಿಯೆಲ್ಲಾ ನಿನ್ನ ಮಾರಿ ನೋಡ್ತಿತ್ತು. ನಾನೂ ಎಷ್ಟೊತ್ತು ಕಾದೆ. ಅಷ್ಟರಾಗ ಆ ಬೆಕ್ಕು ಮೈ ಮುರೀತು. ಬೆನ್ನ ಎತ್ತಿತು. ಇನ್ನೇನ ಏಳ್ತಿತ್ತು. ನನ್ನ ಮಗನ್ನ ಬೆಕ್ಕಿಗೆ ಕೊಡ್ಲೇನು? ಎದ್ದೆ. ಎದ್ದು ಆ ಸ್ಟೂಲಿನ ಮ್ಯಾಲ ಕುಂತೆ. ಯಾರೂ ನೋಡಲಿಲ್ಲ."

"ನನಗೆ ಹೇಳಬಹುದಿತ್ತು."

"ಹೇಳಿದ್ರ ಚಾಪಿ ಹಾಸ್ತಿದ್ದಿ. ನಿನ್ನ ಕೈಗೆ ಸಿಕ್ಕರ ಎಣ್ಣಿ ಹಚ್ಚಿ ತಿಕ್ಕಿ ತೊಳದ ಬಿಡ್ತಿದ್ದಿ. ಅಡಿವೆಪ್ಪಂದ ಬಿಡಿಸಾಕ ಹೋದಾಕಿ ನೀ, ನನ್ನ ಬಿಡ್ತಿದ್ದೇನು?"

ನಾನು ಉತ್ತರ ಕೊಡಲು ಹೋದೆ. ಕುತ್ತಿಗೆ ತಾನಾಗಿ ಹಿಂದೆ ತಿರುಗಿತು. ಮತ್ತೆ ಇತ್ತ ತಿರುಗುವಷ್ಟರಲ್ಲಿ ಅತ್ತೆ ನನ್ನನ್ನು ನೋಡುತ್ತಿದ್ದರು.

"ಅಡಿವೆಪ್ಪ ಬಂದ್ನೇನು?"

"ಬಂದರು."

"ನಗಾಕತ್ತಿಯೇನು?"

"ಇಲ್ಲ."

"ಮತ್ತ ಅಳಾಕತ್ತಿಯೇನು?"

"ಗೊತ್ತಿಲ್ಲ ಅತ್ತೆ."

"ಯಾವುದರ ಒಂದ ಮಾಡು. ಮಂದಿ ನೋಡಾಕತ್ತಾರ."

ಗಟಾರ ದಾಟಲು ನನಗೆ ಕೈ ಕೊಟ್ಟರು. ಸ್ಟೂಲು ಗಟಾರದಲ್ಲೇ ಬಿದ್ದಿತ್ತು, ನಾವು ಎತ್ತಲಿಲ್ಲ. ಅವರು ಮುಂದೆ, ನಾನು ಹಿಂದೆ ಮನೆಯ ಕಡೆ ಹೊರಟೆವು. ನಾನು ನೋಡುತ್ತ ಹೋದೆ. ಒಂದು ವರ್ಷ ನೋಡದೆ ಇದ್ದುದನ್ನು ನೋಡುವುದಿತ್ತು. ಇಳಕಲ್ ಸೀರೆಯ ಅಡಿಯಲ್ಲಿ ಅದೇ ಹಿಮ್ಮಡಿ, ಅದೇ ತುಸು ಹೊರಗೆ ತಿರುಗಿದ ಹೆಬ್ಬೆರಳು, ಅದೇ ಎಡಗಡೆಯ ವಾಲು. ಅಷ್ಟು ವರ್ಷ ಓದಿದ್ದು ಸುಮ್ಮನಿರಲಿಲ್ಲ, ಬಾಯಿಗೆ ಬಂತು.

"ಅತ್ತೆ, ಎಡಕ್ಕೆ ವಾಲ್ತಿದೀರಿ. ಸೊಂಟದ ಪಕ್ಕದ ಸ್ನಾಯು..."

"ಸ್ನಾಯು ಅಂತ." ಅವರು ನಿಂತರು. "ವರ್ಷ ಆತು, ನನ್ನ ಸೊಂಟ ಹಿಡದ. ಎಲ್ಲಾ ನಿನ್ನಿಂದ."

"ನನ್ನಿಂದ?"

"ನೀ ಬರೂಕಿಂತ ಮೊದಲ ಅಂವ ಕಂಬದಂಗ ನಡೀತಿದ್ದ. ನಾ ಹಡದಾಕಿ, ನಂಗ ಗೊತ್ತಿಲ್ಲೇನು? ನೀ ಗಿಡ್ಡಿ. ಅದರ ಮ್ಯಾಲ ಗಟ್ಟ್ಯಾಗಿ ಮಾತಾಡೂದಿಲ್ಲ, ಬಾಯಾಗ ಗುನುಗುತಿ. ನಿನ್ನ ಮಾತು ಕೇಳಾಕ ಬಗ್ಗಿ ಬಗ್ಗಿ ಹಿಂಗಾಗ್ಯಾನ. ಇಷ್ಟ ವಾಲ್ತಿದ್ದ ಅಂತ ನಂಗೂ ಗೊತ್ತಿರಲಿಲ್ಲ, ಇದರೊಳಗ ಹೊಕ್ಕ ಮ್ಯಾಲ ತಿಳೀತು. ಹಗಲೆಲ್ಲಾ ಮನ್ಯಾಗ ಒಬ್ಬಾಕಿನ ಅಡ್ಡಾಡ್ತೀನಿ, ವಾಲೇ ಇರ್ತೀನಿ, ಅಲ್ಲಿ ಯಾರೂ ಇರೂದಿಲ್ಲ."

ಹಲ್ಲುಜ್ಜುತ್ತ ಒಂಟಿಕಾಲಲ್ಲಿ ನಿಂತಿದ್ದ ಗುರುಪಾದ ಕಣ್ಣ ಮುಂದೆ ಬಂದ. ಬಾಯಿ ತುಂಬ ನೊರೆ. ಒಂದು ದಿನವೂ ಹೇಳಲಿಲ್ಲ.

"ಎಡಕ್ಕ ಬಾ" ಎಂದರು ಅತ್ತೆ.

ನಾನು ಅವರ ಎಡಕ್ಕೆ ಹೋದೆ. ಅವರು ವಾಲಿದರು. ಭುಜ ನನ್ನ ತಲೆಗೆ ತಾಗಿತು, ತಾಗಬೇಕಾದಲ್ಲೇ. ಹೀಗೆ ನಿಂತರೆ ಸೊಂಟದ ಮೇಲೆ ಭಾರ ಬೀಳುವುದಿಲ್ಲ, ಚಾಪೆಯೂ ಬೇಕಾಗುವುದಿಲ್ಲ. ಇದನ್ನು ನಾನು ಯಾವ ಪರೀಕ್ಷೆಯಲ್ಲೂ ಬರೆಯಲಾರೆ. ಹೆಜ್ಜೆ ಇಟ್ಟೆವು. ನನ್ನ ಬಲಗಾಲು ಸುತ್ತು ಹಾಕಿ ಬಂದು ಅವರ ಕಾಲಿನ ಹರಡಿಗೆ ಬಡಿಯಿತು.

"ಕಾಲ ಒಳಗ ಇಟ್ಕೋ."

"ನನ್ನ ಕೈಲಿಲ್ಲ ಅತ್ತೆ."

"ನಾಳಿ ಚಾಪಿ ಹಾಸ್ಕೊಂಡು ನೀನ ಹೊಳ್ಳ್ಯಾಡು. ನಾ ಕಿಟಕ್ಯಾಗ ನಿಂತ ನೋಡ್ತೀನಿ."

ಸ್ವಲ್ಪ ದೂರ ಹೋದ ಮೇಲೆ ನಾನು ಗಕ್ಕನೆ ನಿಂತು ಹಿಂದೆ ನೋಡಿದೆ. ಯಾರೂ ಕರೆದಿರಲಿಲ್ಲ. ಅತ್ತೆ ಬೈಯಲಿಲ್ಲ, ನಾನು ತಿರುಗುವ ತನಕ ನಿಂತರು. ಮನೆ ಮುಟ್ಟುವವರೆಗೂ ಹಾಗೇ ನಿಂತು ನಿಂತು ಹೋದೆವು.

ಬಾಗಿಲಲ್ಲಿ, ಹೊಸ್ತಿಲ ಇಳಿಜಾರು ಹಲಗೆಯ ಮೇಲೆ ಹವಾಲ್ದಾರ ಅಡ್ಡ ಮಲಗಿ ನಿದ್ದೆ ಹೋಗಿತ್ತು. ಅತ್ತೆಯ ಬಲಗಾಲು ಎತ್ತರಕ್ಕೆ ಎದ್ದು, ಗಾಳಿಯಲ್ಲಿ ಕಾದು, ಅದನ್ನು ದಾಟಿ ಒಳಗೆ ಇಳಿಯಿತು. ಅದು ಕಣ್ಣು ಬಿಡಲಿಲ್ಲ. ಅವರ ಎಡಕ್ಕಿದ್ದ ನನ್ನ ಕಾಲು ಹೊರಗಿನಿಂದ ಸುತ್ತು ಹಾಕಿ ಬಂದು ನೇರ ಅದರ ಬಾಲದ ಮೇಲೆ ಇಳಿಯಿತು.

ಆಗ ಬೆಕ್ಕು ಎದ್ದಿತು.